ಅರವತ್ತೊಂಬತ್ತು, ಎಷ್ಟಕ್ಕೆ?

ನಾಣ್ಯವೊಂದನ್ನು ಅಂಗೈಯಲ್ಲಿ ಇಟ್ಟರೆ ಸಾಕು, ಅದರ ಕುಲ, ಗೋತ್ರ, ಬೆಲೆ ಮೂರನ್ನೂ ಕಣ್ಣು ಮುಚ್ಚಿ ಹೇಳಬಲ್ಲ ಗಂಡಸು ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ ಒಬ್ಬನೇ ಒಬ್ಬ. ಅವನೇ ನಾನು, ಬೆನ್ನಿ! ಈ ಮಾತನ್ನು ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ನಾನೇ ಮೇಲಿಂದ ಮೇಲೆ ಹೇಳಿಕೊಳ್ಳಬೇಕಾಗುತ್ತಿತ್ತು. ಸಾಕ್ಷಿಗೆ ನನ್ನ ಹತ್ತಿರ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಅದರ ತುಂಬ ತೂತಿನ ಕಾಸು, ಅಜ್ಜನ ಕಾಲದ ದುಡ್ಡು, ಯಾವ ದೇಶದ್ದೆಂದು ಆ ದೇಶಕ್ಕೇ ಮರೆತುಹೋಗಿರಬಹುದಾದ ಬಿಲ್ಲೆಗಳು. ಎರಡು ಸಾವಿರದ ಮೂರನೆಯ ಇಸವಿಯಲ್ಲಿ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ: ಕ್ರಿಸ್‌ಮಸ್ಸಿನೊಳಗೆ ನಮ್ಮ ಮನೆಗೆ ಫ್ರಿಜ್ ಬರಬೇಕು, ಅದೂ ನನ್ನ ನಾಣ್ಯಜ್ಞಾನದ ಬಲದಿಂದಲೇ ಬರಬೇಕು!

ಫ್ರಿಜ್ ಬೇಕಾಗಿದ್ದು ನನಗಲ್ಲ, ನನ್ನ ಹೆಂಡತಿ ಈವ್ಲಿನ್‌ಗೆ. ಅವಳು ಕೇಕ್ ಮಾಡಿದ ದಿನ ಗೋಕುಲ ರಸ್ತೆಯ ನಮ್ಮ ಓಣಿಯ ನಾಯಿಗಳು ಕೂಡ ಬಾಗಿಲ ಮುಂದೆ ಶಿಸ್ತಿನಿಂದ ಕೂರುತ್ತಿದ್ದವು. ಕ್ರೀಮಿನ ಕೇಕ್ ಮಾಡಿ ಆರ್ಡರ್ ಹಿಡಿಯಬೇಕೆಂಬುದು ಅವಳ ಬಹಳ ದಿನದ ಆಸೆ. ಹುಬ್ಬಳ್ಳಿಯ ಸೆಕೆಯಲ್ಲಿ ಫ್ರಿಜ್ ಇಲ್ಲದೆ ಕ್ರೀಮು ನಿಲ್ಲುತ್ತದೆಯೇ? ಮಹಡಿಯ ಮೇಲಿನ ಮನೆಯೊಡತಿ ಕಸ್ತೂರೆವ್ವನವರ ಫ್ರಿಜ್ಜಿನಲ್ಲಿ ನಮಗೊಂದು ಮೂಲೆ ಧರ್ಮಕ್ಕೆ ಸಿಕ್ಕಿತ್ತು, ನಿಜ. ಅದಕ್ಕೂ ಕರಾರಿತ್ತು.

"ಹಾಲು ಇಡ್ರಿ, ಬೆಣ್ಣಿ ಇಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ತತ್ತಿ ಹಾಕಿದ್ದು ಮಾತ್ರ ಒಳಗ ಬರಬಾರದು ನೋಡ್ರಿ, ಈವ್ಲಿನ್ನವ್ವಾ. ನಮ್ಮನ್ಯಾಗ ದಿನಾ ಲಿಂಗಪೂಜಿ ಇರ್ತೈತಿ."

ತತ್ತಿ ಹಾಕದ ಕೇಕು ಯಾವುದು? ಈವ್ಲಿನ್ ಸುಮ್ಮನೆ ಹಾಲಿನಪುಡಿಯ ಡಬ್ಬಿಯೊಂದರಲ್ಲಿ ದುಡ್ಡು ಕೂಡಿಸುತ್ತಿದ್ದಳು. ಡಬ್ಬಿಯಲ್ಲಿ ಆಗಲೇ ಅರ್ಧ ಫ್ರಿಜ್ ತುಂಬಿತ್ತು. ಅಡುಗೆಮನೆಯ ಮೂಲೆಯ ಜೋಳದ ಪೀಪಾಯಿಯನ್ನು ಹಿತ್ತಿಲಿಗೆ ಸರಿಸಿ ಜಾಗ ಮಾಡಿದ್ದಳು. ಫ್ರಿಜ್ಜಿನ ತಲೆಗೆಂದು ಬಿಳಿ ದಾರದಲ್ಲಿ ಕ್ರೋಶಾದ ಹೊದಿಕೆಯನ್ನೂ ಹೆಣೆದಿಟ್ಟಿದ್ದಳು. ಬರಬೇಕಾದದ್ದು ಫ್ರಿಜ್ ಒಂದೇ.

ಆಗ ಬಂದರು ಪೀಟರ್ ಮಾವ, ಈವ್ಲಿನ್‌ಳ ಸೋದರಮಾವ. ಅವರು ಹಡಗಿನಲ್ಲಿ ಅಡುಗೆಯವರು. ವರ್ಷಕ್ಕೊಮ್ಮೆ ಊರಿಗೆ ಬಂದು ಸೊಸೆಗೆ ಏನಾದರೂ ಕೊಡುವುದು ವಾಡಿಕೆ. ಈ ಸಲ ಕೊಟ್ಟದ್ದು ಅಂಗೈಯಗಲದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ಗಾಳಿಯೂ ಹೋಗದ ಹಾಗೆ ಬೆಸೆದಿದ್ದ ಅದರೊಳಗೆ ಅಮೆರಿಕದ ಒಂದು ಬೆಳ್ಳಿ ಡಾಲರು ಕೂತಿತ್ತು.

"ಒಬ್ಬ ಅಮೆರಿಕಾದ ಮುದುಕಗ ನಾ ಮಾಡಿದ ಮಟನ್ ಭಾಳ ಸೇರಿತ್ತವಾ. ಇಳದು ಹೋಗೂ ಮುಂದ ಇದನ್ನ ಕೈಯಾಗ ಇಟ್ಟ. ನಾಣ್ಯ ಕೂಡಸೂ ಶೋಕಿಯವರು ಛಲೋ ಬೆಲಿ ಕೊಡ್ತಾರಂತ. ಮಾರಿ ಫ್ರಿಜ್ ತಗೋ," ಎಂದರು ಮಾವ. ನನ್ನ ಕಡೆ ತಿರುಗಿ, "ಡಬ್ಬಿ ಮಾತ್ರ ತಗೀಬಾರದು ಅಂತ ಆ ಮುದುಕ ನಾಕು ಸಲ ಹೇಳ್ಯಾನ, ಬೆನ್ನಿ," ಎಂದರು.

ಈ ಊರಿನ ನಾಣ್ಯಪಂಡಿತನಿಗೆ ಹಡಗಿನ ಅಡುಗೆಯವರು ಬುದ್ಧಿ ಹೇಳುವುದೇ! ನಾನು ಮುಗುಳ್ನಕ್ಕು ಭೂತಗಾಜು ತಂದೆ. ಡಬ್ಬಿಯ ನೆತ್ತಿಯ ಮೇಲೆ ಒಂದು ಚೀಟಿ. ನಾಣ್ಯವನ್ನು ಪರೀಕ್ಷೆ ಮಾಡಿ ಅಂಕ ಕೊಡುವ ಕಂಪನಿ ಅಮೆರಿಕದಲ್ಲಿ ಇದೆಯೆಂದು ಎಲ್ಲೋ ಓದಿದ್ದೆ. ಚೀಟಿಯಲ್ಲಿ ಆ ಕಂಪನಿಯ ಹೆಸರು, ನಾಣ್ಯದ ಇಸವಿ, ಕೊನೆಗೆ ಒಂದು ಅಂಕೆ: ಅರವತ್ತೊಂಬತ್ತು.

ಅಂಕ! ಇಲ್ಲಿ ನನ್ನ ಇನ್ನೊಂದು ಪಾಂಡಿತ್ಯದ ಬಗ್ಗೆ ಹೇಳಬೇಕು. ಹೊಟ್ಟೆಪಾಡಿಗೆ ನಾನು ದಿನಾ ಧಾರವಾಡದ ಬಸ್ಸು ಹಿಡಿದು ಯೂನಿವರ್ಸಿಟಿಯ ಪರೀಕ್ಷಾ ವಿಭಾಗಕ್ಕೆ ಹೋಗಿ ಅಂಕ ಕೂಡಿಸುತ್ತಿದ್ದೆ. ಮೂವತ್ತೈದು ಪಾಸು, ಅರವತ್ತು ಫಸ್ಟ್ ಕ್ಲಾಸು, ಎಪ್ಪತ್ತು ಡಿಸ್ಟಿಂಕ್ಷನ್ನು. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಹುಟ್ಟಿಯಾನು, ಇದು ಬದಲಾಗದು. ಅರವತ್ತೊಂಬತ್ತು ಬಂದವರು ನಮ್ಮ ಕಿಟಕಿಯ ಮುಂದೆ ನಿಂತು ಕಣ್ಣೀರು ಹಾಕುವುದನ್ನು ನಾನು ವರ್ಷ ವರ್ಷ ನೋಡಿದವನು. ಒಂದೇ ಒಂದು ಮಾರ್ಕಿನಲ್ಲಿ ಡಿಸ್ಟಿಂಕ್ಷನ್ ಹೋದವರ ಸಂಕಟ ನನಗಲ್ಲದೆ ಯಾರಿಗೆ ತಿಳಿದೀತು?

"ಈವ್ಲಿನ್," ಎಂದೆ ಗಂಭೀರವಾಗಿ, "ನಿನ್ನ ನಾಣ್ಯ ಒಂದು ಮಾರ್ಕಿನ್ಯಾಗ ಹೋಗೈತಿ."

"ಎಲ್ಲಿಗೆ ಹೋಗೈತ್ರಿ? ಇಲ್ಲೇ ಐತಲ್ಲ."

"ಅಲ್ಲ, ಡಿಸ್ಟಿಂಕ್ಷನ್ ತಪ್ಪೈತಿ. ಬರೇ ಫಸ್ಟ್ ಕ್ಲಾಸ್ ನಾಣ್ಯಕ್ಕ ಯಾರು ಬೆಲಿ ಕೊಡ್ತಾರ? ಎಪ್ಪತ್ತು ಆಗಿದ್ರ ಫ್ರಿಜ್ ಬರ್ತಿತ್ತು."

"ಕಮರಿಪೇಟ್ಯಾಗ ಹಲ್ಲಿನ ಡಾಕ್ಟರ್ ಗೌಸಮೊದ್ದೀನ ಅವರು ಇಂಥಾವ್ನೆಲ್ಲಾ ಕೂಡಸ್ತಾರಂತ. ಒಮ್ಮೆ ತೋರಿಸಿದ್ರ ಏನ್ ಹೋಗ್ತೈತ್ರಿ?"

"ಹಲ್ಲು ಕೀಳೋರಿಗೆ ನಾಣ್ಯದ್ದೇನು ಗೊತ್ತು? ನಾ ಇರೂ ಮುಂದ ಅವರನ್ಯಾಕ ಕೇಳಬೇಕು? ಒಂದು ಮಾರ್ಕು ತಾನ? ನಾ ತರಸ್ತೇನಿ ತಗೋ!"

ಭೂತಗಾಜಿನಲ್ಲಿ ಮತ್ತೆ ನೋಡಿದೆ. ನಾಣ್ಯದ ಬಯಲೆಲ್ಲ ಕನ್ನಡಿಯ ಹಾಗೆ ಥಳಥಳ. ಆದರೆ ಒಂದು ಬದಿಯ ಹದ್ದಿನ ಮೈಮೇಲೆ, ಇನ್ನೊಂದು ಬದಿಯ ಹೆಣ್ಣುಮಗಳ ಸೆರಗಿನ ಮೇಲೆ ತೆಳ್ಳಗೆ ಬಿಳಿ ಮಂಜು ಕೂತ ಹಾಗಿತ್ತು. ಸಿಕ್ಕಿತು! ಬೂಷ್ಟು! ಮಾರ್ಕು ಕಡಿದದ್ದು ಇದಕ್ಕೇ! ಅಮೆರಿಕದ ಪರೀಕ್ಷಕರಿಗೆ ಕಂಡದ್ದು ನನಗೆ ಕಾಣದಿರುತ್ತದೆಯೇ?

ಮರುದಿನ ಭಾನುವಾರ. ಮಾವ ತಮ್ಮ ಊರಿಗೆ ಹೋಗಿದ್ದರು. ಈವ್ಲಿನ್ ಮಹಿಳಾ ಕೂಟಕ್ಕೆ ಹೋಗಿದ್ದಳು. ನಾನು ಅಂಗಿ ಕಳಚಿ ಕಾರ್ಯಾರಂಭ ಮಾಡಿದೆ. ಮೊದಲು ಡಬ್ಬಿ ಒಡೆಯಬೇಕು. ಸುತ್ತಿಗೆಯಿಂದ ಹೊಡೆದರೆ ಅದು ಚಂಗನೆ ಹಾರಿ ನನ್ನ ಮೊಳಕಾಲಿಗೇ ಬಡಿಯಿತು. ಕುಂಟುತ್ತ ಹೋಗಿ ಬಾಗಿಲಿನ ಕೀಲಿನ ಸಂದಿಯಲ್ಲಿ ಸಿಕ್ಕಿಸಿ, ನಾವು ಮಕ್ಕಳಿದ್ದಾಗ ಬದಾಮಿ ಒಡೆಯುತ್ತಿದ್ದಂತೆ, ಬಾಗಿಲನ್ನು ಧಡಾರನೆ ಎಳೆದೆ. ಮಹಡಿಯ ಮೇಲಿಂದ ಕಸ್ತೂರೆವ್ವನವರು, "ಯಾರದು, ಬಾಗಲಾ ಕಿತ್ಕೊಂಡ್ ಹೊಂಟೀರೇನು?" ಎಂದು ಕೂಗಿದರು. ಡಬ್ಬಿ ಚೂರಾಯಿತು. ಚೀಟಿ ಹರಿಯಿತು. ಡಾಲರು ಉರುಳಿಕೊಂಡು ಒಲೆಯ ಬುಡಕ್ಕೆ ಹೋಗಿ ಶರಣಾಯಿತು.

ಆಮೇಲೆ ಅಭ್ಯಂಜನ! ಹುಣಸೆಹಣ್ಣು, ಉಪ್ಪು, ಬೂದಿ. ಹಿತ್ತಾಳೆ ಬೋಗುಣಿಗೆ ಈವ್ಲಿನ್ ಬಳಸುತ್ತಿದ್ದ ತೆಂಗಿನ ನಾರು. ಮೂಲೆಗಳಿಗೆ ನನ್ನದೇ ಹಳೆಯ ಹಲ್ಲುಜ್ಜುವ ಬ್ರಷ್ಷು. ತಿಕ್ಕಿದೆ ನೋಡಿ! ಹಠದ ಬೂಷ್ಟು, ಸುಲಭಕ್ಕೆ ಬಿಡಲಿಲ್ಲ. ನಾನೂ ಬಿಡಲಿಲ್ಲ. ಬೆವರು ಸುರಿಸಿ ಹದ್ದಿನ ಗರಿಗರಿಯನ್ನೂ ತಿಕ್ಕಿ ತಿಕ್ಕಿ, ಕೊನೆಗೆ ತೊಳೆದು ಬಿಸಿಲಿಗೆ ಹಿಡಿದರೆ ಕಣ್ಣು ಕೋರೈಸಿತು! ಮಂಜು ಗಿಂಜು ಎಲ್ಲ ಮಾಯ. ಹದ್ದು ಈಗಷ್ಟೇ ಸ್ನಾನ ಮಾಡಿ ಎದ್ದಂತೆ ಹೊಳೆಯುತ್ತಿತ್ತು. ನಾನು ಅಲ್ಲಿಯೇ, ಹಿತ್ತಿಲಿನಲ್ಲಿಯೇ, ಅದಕ್ಕೆ ಎಪ್ಪತ್ತೆರಡು ಕೊಟ್ಟುಬಿಟ್ಟೆ.

ಈವ್ಲಿನ್ ಬಂದು ನಾಣ್ಯ ನೋಡಿದಳು. ಪ್ಲಾಸ್ಟಿಕ್ ಚೂರು ನೋಡಿದಳು. ನನ್ನ ಮುಖ ನೋಡಿದಳು.

"ಡಬ್ಬಿ ತಗೀಬಾರದು ಅಂದಿದ್ರಲ್ರಿ ಮಾವ."

"ಹೊಳಪು ನೋಡು, ಹೊಳಪು! ಈಗ ಹೋಗೂಣು ನಡಿ ನಿನ್ನ ಹಲ್ಲಿನ ಡಾಕ್ಟರ್ ಕಡೆ. ಬೇಕಾದ್ರ ನೋಡಿ ಕಣ್ತುಂಬಿಕೊಳ್ಳಲಿ!"

"ನೀವ ಹೋಗಿ ಬರ್ರಿ," ಎಂದಳು. ಆ ದನಿಯಲ್ಲಿ ಏನೋ ಇತ್ತು, ಆದರೆ ವಿಜಯದ ಅಮಲಿನಲ್ಲಿ ಅದು ನನಗೆ ಕೇಳಿಸಲಿಲ್ಲ.

ಡಾಕ್ಟರ್ ಗೌಸಮೊದ್ದೀನರು ದೊಡ್ಡ ಮನುಷ್ಯರು, ದೊಡ್ಡ ದನಿ. ಹೊರಗೆ ಭಾನುವಾರವೂ ಹತ್ತು ಜನ ದವಡೆ ಹಿಡಿದುಕೊಂಡು ಕೂತಿರುತ್ತಾರೆ, ಹರಟೆಗೆ ಅವರಿಗೆ ಪುರುಸೊತ್ತು ಎಲ್ಲಿ? ರೋಗಿಯಾಗಿ ಕುರ್ಚಿಯಲ್ಲಿ ಒರಗಿದರೆ ಮಾತ್ರ ಮಾತು. ನಾನು ಒರಗಿದೆ. ಬಾಯಿಯೊಳಗೆ ಕನ್ನಡಿ ಬಂತು.

"ಡಾಕ್ಟರ್ ಸಾಹೇಬ್ರ, ನನ್ ಕಡೆ ಒಂದು ಅಮೆರಿಕಾದ ಬೆಳ್ಳಿ ಡಾಲರ್ ಐತ್ರಿ."

"ಆ ಅನ್ರಿ. ಬೆಳ್ಳಿ ಡಾಲರು ರಗಡ ಅದಾವು. ಯಾವ ಇಸವಿ?"

"ಆಆ... ಹೊಂಬತ್ತೈಹು."

"ತೊಂಬತ್ತೈದು?" ಕನ್ನಡಿ ನನ್ನ ನಾಲಿಗೆಯ ಮೇಲೆಯೇ ನಿಂತಿತು. "ಹದ್ದಿನ ಬಾಜೂಕ ಸಣ್ಣದೊಂದು ಡಬ್ಲ್ಯು ಅಕ್ಷರ ಐತೇನು?"

ತಲೆಯಾಡಿಸಿದೆ. ಕನ್ನಡಿ ಹೊರಗೆ ಬಂತು. ಡಾಕ್ಟರು ಬಾಗಿಲು ಮುಂದೆ ಮಾಡಿ ಬಂದು ನನ್ನ ಪಕ್ಕದಲ್ಲಿಯೇ ಸ್ಟೂಲು ಎಳೆದು ಕೂತರು.

"ಬೆನ್ನಿಯವರ, ಉಳದ ವರ್ಷದ್ದು ಲಕ್ಷಗಟ್ಟಲೆ ಹೊಡದಾರ. ಅವಕ್ಕ ಅರವತ್ತೊಂಬತ್ತು ಬಂದ್ರೂ ಅಷ್ಟ, ಬರಲಿಲ್ಲಂದ್ರೂ ಅಷ್ಟ. ಬೆಳ್ಳಿ ಬೆಲಿ ಮ್ಯಾಲೆ ನಾಕು ಕಾಸು. ಮಾರ್ಕ್ಸ್ ಒಂದನ್ನ ನೋಡಿ ಬೆಲಿ ಕಟ್ಟಬಾರದು. ಅಷ್ಟ ಮಾರ್ಕ್ಸ್ ಇನ್ನೆಷ್ಟು ಮಂದಿಗೆ ಬಂದಾವು, ಅದನ್ನ ನೋಡಬೇಕು. ಆದ್ರ ತೊಂಬತ್ತೈದರಾಗ ಈ ಡಬ್ಲ್ಯು, ಟಂಕಸಾಲಿ ಗುರ್ತು, ಇದ್ದದ್ದು ಐತಲ್ಲ, ಮೂವತ್ತು ಸಾವಿರದ ಮ್ಯಾಲೆ ಸ್ವಲ್ಪ, ಅಷ್ಟ ಹೊಡದಾರ. ಡಬ್ಬಿಯೊಳಗಿಂದು ಹೌದಲ್ಲೋ? ನಂಬರ್ ಎಷ್ಟೈತಿ?"

"ಅರವತ್ತೊಂಬತ್ತು ಇತ್ತು," ಎಂದೆ ನಾಚಿಕೊಂಡು. "ಬರೇ ಫಸ್ಟ್ ಕ್ಲಾಸ್ ರೀ."

"ಬರೇ? ಎಷ್ಟಕ್ಕ?"

"ಎಷ್ಟಕ್ಕ ಅಂದ್ರ? ನೂರಕ್ಕ!"

ಡಾಕ್ಟರು ತೊಡೆ ತಟ್ಟಿಕೊಂಡು ನಕ್ಕರು. "ಯಾರ್ ಹೇಳಿದ್ರೀ ನಿಮಗ ನೂರಕ್ಕ ಅಂತ? ಆ ಕಂಪನಿ ಮಾರ್ಕ್ಸ್ ಎಪ್ಪತ್ತಕ್ಕ! ಎಪ್ಪತ್ತಕ್ಕ ಅರವತ್ತೊಂಬತ್ತು! ನಿಮ್ಮ ಯೂನಿವರ್ಸಿಟಿ ಫಸ್ಟ್ ರ‍್ಯಾಂಕ್ ಅದು! ತರ್ರಿ ಇಲ್ಲೆ, ಮೂರು ಫ್ರಿಜ್ಜಿನ ಬೆಲಿ ನಾನ ಕೊಡ್ತೇನಿ!"

ಫ್ರಿಜ್ ಎಂಬ ಶಬ್ದ ಅವರ ಬಾಯಿಗೆ ಹೇಗೆ ಬಂತೆಂದರೆ, ಬರುವಾಗ ಕಾಂಪೌಂಡರನಿಗೂ, ಆಟೋದವನಿಗೂ, ದವಡೆ ಹಿಡಿದ ಹತ್ತು ಜನರಿಗೂ ನಾನು ಫ್ರಿಜ್ಜಿನ ಸುದ್ದಿ ಹೇಳಿಕೊಂಡೇ ಬಂದಿದ್ದೆ. ಈಗ ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಮೂರು ಫ್ರಿಜ್! ಎಪ್ಪತ್ತಕ್ಕೆ! ನನ್ನ ಕೈ ತಾನಾಗಿ ಕಿಸೆಗೆ ಹೋಯಿತು, ತಾನಾಗಿ ಕರವಸ್ತ್ರದ ಗಂಟು ಬಿಚ್ಚಿತು. ಬೇಡ ಬೇಡವೆಂದರೂ ಬಿಚ್ಚಿತು.

ಡಾಕ್ಟರರ ನಗು ನಿಂತಿತು. ಅವರು ನಾಣ್ಯವನ್ನು ಚಿಮಟಿಗೆಯಿಂದ ಎತ್ತಿ, ನನ್ನ ತಲೆಯ ಮೇಲಿನ ದೊಡ್ಡ ದೀಪಕ್ಕೆ ಹಿಡಿದರು. ಯಾರೋ ಸತ್ತ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದರು.

"ಏನ್ ಹಚ್ಚಿ ತಿಕ್ಕೀರಿ?"

"ಹುಣಸೆಹಣ್ಣು... ಬೂದಿ... ಮ್ಯಾಲೆ ಬೂಷ್ಟು ಇತ್ರಿ."

"ಬೂಷ್ಟಲ್ರಿ ಅದು! ಟಂಕಸಾಲಿಯವರು ಬೇಕಂತ ಕೊಟ್ಟ ಮಂಜು! ಅದ ಅದರ ಚಂದ, ಅದ ಅದರ ಬೆಲಿ! ನೀವು ಅದನ್ನ ಬೋಗುಣಿ ತಿಕ್ಕಿದಂಗ ತಿಕ್ಕೀರಲ್ಲ, ಯಪ್ಪಾ!"

"ಮತ್ತೊಮ್ಮೆ ಪರೀಕ್ಷಾಕ್ಕ ಕಳಸಿದ್ರ? ರಿವ್ಯಾಲ್ಯುಯೇಶನ್?"

"ತಿಕ್ಕಿದ ನಾಣ್ಯಕ್ಕ ಅವರು ಮಾರ್ಕ್ಸ್ ಕೊಡೂದಿಲ್ಲ. ತಿಕ್ಕ್ಯಾರ ಅಂತ ಬರದು ವಾಪಸ್ ಕಳಸ್ತಾರ. ನಿಮ್ಮ ಭಾಷಾದಾಗ ಏನಂತೀರಿ? ಡಿಬಾರ್!"

ಎಷ್ಟು ಹುಡುಗರನ್ನು ನಕಲು ಹೊಡೆದದ್ದಕ್ಕೆ ಡಿಬಾರ್ ಮಾಡಿದ ಕಾಗದ ಈ ಕೈಯಿಂದಲೇ ಹೋಗಿದೆಯೋ! ಅವರೆಲ್ಲರ ಶಾಪ ಒಟ್ಟಿಗೇ ತಟ್ಟಿತು. ಕೊನೆಯ ಆಸೆಯಿಂದ, "ಹಂಗಾರ ಈಗ ಇದರ ಬೆಲಿ?" ಎಂದೆ.

"ಡಬ್ಬಿ ಇಲ್ಲ, ಚೀಟಿ ಇಲ್ಲ. ಖರೇದ್ದು ಅಂತ ಯಾರು ನಂಬಬೇಕು? ಸರಾಫ ಅಂಗಡ್ಯಾಗ ಬೆಳ್ಳಿ ತೂಕಕ್ಕ ತಗೋತಾರ. ಅದರಾಗ ಫ್ರಿಜ್ಜಿನ ಕೆಳಗ ಇಡೂ ಸ್ಟ್ಯಾಂಡ್ ಬರಬಹುದು." ಅಷ್ಟು ಹೇಳಿ ಡಾಕ್ಟರು ಮತ್ತೆ ನನ್ನ ಬಾಯಿಯೊಳಗೆ ಇಣುಕಿ ನಿಟ್ಟುಸಿರು ಬಿಟ್ಟರು. "ಹಲ್ಲೂ ಹಿಂಗ ತಿಕ್ಕತೀರೇನು? ಎಲ್ಲಾ ಸವದು ಹೋಗ್ಯಾವು ನೋಡ್ರಿ."

ಮನೆಗೆ ಬಂದು ಈವ್ಲಿನ್‌ಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಖಾಲಿ ಮೂಲೆಯ ಕಡೆ ಒಮ್ಮೆ ನೋಡಿ, "ಅರ್ಧ ಐತಲ್ರಿ ಡಬ್ಬ್ಯಾಗ. ಮುಂದಿನ ಕ್ರಿಸ್‌ಮಸ್ಸಿಗೆ ಅಕ್ಕೈತಿ," ಎಂದು ಈರುಳ್ಳಿ ಹೆಚ್ಚಲು ಕೂತಳು. ಈರುಳ್ಳಿಯ ನೆಪದಲ್ಲಿ ಕಣ್ಣೊರೆಸಿಕೊಂಡದ್ದು ನನಗೆ ಕಾಣಿಸಿತು. ಮಹಡಿಯಿಂದ ಇಳಿದು ಬಂದ ಕಸ್ತೂರೆವ್ವನವರು ಸುದ್ದಿ ಕೇಳಿ, "ಗಣಪತಿ ಮಾಡ್ ಅಂದ್ರ ಅವರಪ್ಪನ್ನ ಮಾಡಿದ್ರಂತ," ಎಂದು ನನ್ನನ್ನು ನೋಡದೆಯೇ ಹೇಳಿ ಹೋದರು.

ಇಲ್ಲಿಗೆ ಮುಗಿದಿದ್ದರೆ ನಾನು ಪುಣ್ಯವಂತ. ಮುಗಿಯಲಿಲ್ಲ. ನವೆಂಬರಿನಲ್ಲಿ ನಮ್ಮ ಚರ್ಚಿನ ಸಭೆಯ ಸುಗ್ಗಿ ಹಬ್ಬ ಬಂತು.

ಅಂದು ಬೆಳೆದವರು ಬೆಳೆದದ್ದನ್ನು, ಬೆಳೆಯದವರು ಪೇಟೆಯಲ್ಲಿ ಕೊಂಡದ್ದನ್ನು ತಂದು ದೇವರಿಗೆ ಅರ್ಪಿಸುತ್ತಾರೆ. ಆರಾಧನೆಯಾದ ಮೇಲೆ ಚರ್ಚಿನ ಅಂಗಳದಲ್ಲಿ ಅವೆಲ್ಲದರ ಲಿಲಾವು. ಅಲ್ಲಿ ಜನ ಕೂಗುವುದು ವಸ್ತುವಿನ ಬೆಲೆಯನ್ನಲ್ಲ, ತಮ್ಮ ಭಕ್ತಿಯ ಬೆಲೆಯನ್ನು. ಒಂದೇ ಒಂದು ತತ್ತಿ ಮುನ್ನೂರು ರೂಪಾಯಿಗೆ ಹೋಗುತ್ತದೆ. ಗೆದ್ದವನು ಅದನ್ನು ಮರಳಿ ದಾನ ಕೊಡುತ್ತಾನೆ. ಅದೇ ತತ್ತಿ ಮತ್ತೆ ಲಿಲಾವಿಗೆ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಇದನ್ನು ನೋಡಿದವನು ನಾನು. ನೋಡಿ ಏನು ಬಂತು?

ಈವ್ಲಿನ್ ಕುಂಬಳಕಾಯಿಯ ಪಕ್ಕದಲ್ಲಿ ಆ ಡಾಲರನ್ನೂ ಇಟ್ಟಿದ್ದಳು. "ಮಾವನ ಪ್ರೀತಿ ಹಿಂಗ ಹಾಳಾಗಿದ್ದು ದಿನಾ ಕಣ್ಮುಂದ ಬ್ಯಾಡ್ರಿ. ದೇವರಿಗೆ ಮುಟ್ಟಲಿ," ಎಂದಿದ್ದಳು.

ಲಿಲಾವು ಕೂಗುವವರು ಸಭೆಯ ಹಿರಿಯರಾದ ದೇವಪ್ರಿಯ ಕಾಕಾ. ಕುಂಬಳಕಾಯಿ ಹೋಯಿತು, ಕೋಳಿ ಹೋಯಿತು, ಡಾಲರು ಮೇಲೆ ಬಂತು. "ನೋಡ್ರಿ, ಹೆಂಗ ಹೊಳಿತೈತಿ! ಕೇಳ್ರಿ, ಕೇಳ್ರಿ!" ಎಂದರು ಕಾಕಾ. ಆಗ ಹಿಂದಿನ ಸಾಲಿನಿಂದ ಒಂದು ದೊಡ್ಡ ದನಿ ಎದ್ದಿತು.

"ಐದುನೂರು!"

ತಿರುಗಿ ನೋಡಿದೆ. ಡಾಕ್ಟರ್ ಗೌಸಮೊದ್ದೀನ! ಸಭೆಯವರ ಹಲ್ಲೆಲ್ಲ ಅವರ ಕೈಯಲ್ಲಿರುವುದರಿಂದ ಪ್ರತಿ ವರ್ಷ ಹಬ್ಬದ ಊಟಕ್ಕೆ ಅವರಿಗೆ ಆಮಂತ್ರಣ ಇರುತ್ತಿತ್ತು. ಆದರೆ ಡಾಲರಿಗೆ ಐದುನೂರು? ಬೆಳ್ಳಿ ತೂಕದ ನಾಣ್ಯಕ್ಕೆ? ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಮೋಸ! ನನ್ನನ್ನು ಕುರ್ಚಿಯಲ್ಲಿ ಮಲಗಿಸಿ ಕೆಲಸಕ್ಕೆ ಬಾರದ್ದೆಂದು ನಂಬಿಸಿ, ಈಗ ದೇವರ ಅಂಗಳದಲ್ಲಿ ಅಗ್ಗಕ್ಕೆ ಹೊಡೆಯುವ ಹಂಚಿಕೆ! ಮೂರು ಫ್ರಿಜ್ ಇನ್ನೂ ಅದರೊಳಗೇ ಇವೆ!

"ಸಾವಿರ!" ಎಂದು ಎದ್ದು ನಿಂತೆ.

"ಸಾವಿರದ ಇನ್ನೂರು," ಎಂದರು ಡಾಕ್ಟರು ನಗುತ್ತ.

ನಗುತ್ತಾರೆ! ಕಳ್ಳರ ನಗು! "ಕಾಲು ಫ್ರಿಜ್!" ಎಂದೆ. ಕಾಕಾ ಕಕ್ಕಾಬಿಕ್ಕಿಯಾಗಿ, "ಎಷ್ಟಪಾ?" ಎಂದರು. "ಎರಡು ಸಾವಿರ!" ಎಂದು ತಿದ್ದಿಕೊಂಡೆ.

ಹೆಂಗಸರ ಸಾಲಿನಲ್ಲಿ ಈವ್ಲಿನ್ ಎದ್ದು ನಿಂತು ತಲೆಯನ್ನು ಜೋರಾಗಿ ಅಲ್ಲಾಡಿಸುತ್ತಿದ್ದಳು. ಬಿಡಬೇಡಿ ಎನ್ನುತ್ತಿದ್ದಾಳೆ ಎಂದುಕೊಂಡೆ.

"ಎರಡೂವರೆ," ಎಂದರು ಡಾಕ್ಟರು.

"ನಾಕು! ನಾಕೂವರೆ!"

"ಬೆನ್ನಿ, ನಾಕೂ ನಿಂದ, ನಾಕೂವರೀನೂ ನಿಂದ," ಎಂದರು ಕಾಕಾ. ಅಂಗಳವೆಲ್ಲ ಚಪ್ಪಾಳೆ. ಡಾಕ್ಟರು ಎರಡೂ ಕೈ ಎತ್ತಿ ಸಾಕೆಂದರು. ಒಂದನೇ ಸಲ, ಎರಡನೇ ಸಲ, ಮೂರನೇ ಸಲ! ಚರ್ಚಿನ ಪಾದ್ರಿ ಅಯ್ಯನವರು ಬಂದು ನನ್ನ ಭಕ್ತಿಯನ್ನು ಕೊಂಡಾಡಿ ಕೈ ಕುಲುಕಿದರು. ನಾನು ನೇರವಾಗಿ ಡಾಕ್ಟರರ ಮುಂದೆ ಹೋಗಿ ಡಾಲರು ಹಿಡಿದೆ.

"ಸಾಹೇಬ್ರ, ನಾಟಕ ಸಾಕು. ಈಗ ಹೇಳ್ರಿ, ಇದರ ಖರೇ ಬೆಲಿ ಎಷ್ಟು?"

"ಅವತ್ತ ಹೇಳೇನಲ್ರಿ, ಬೆಳ್ಳಿ ತೂಕ."

"ಹಂಗಾರ ನೀವ್ಯಾಕ ಕೂಗಿದ್ರಿ?"

"ದೇವರ ಕೆಲಸಕ್ಕ ನಂದೂ ನಾಕು ಕಾಸು ಇರಲಿ ಅಂತ. ಮತ್ತ, ದವಾಖಾನ್ಯಾಗ ಗೋಡಿಗೆ ತೂಗು ಹಾಕಬೇಕಂತ ಮಾಡಿದ್ದೆ. ಹಲ್ಲು ಹೆಂಗ ತಿಕ್ಕಬಾರದು ಅಂತ ಮಂದಿಗೆ ತೋರಸಾಕ ಇದಕ್ಕಿಂತ ಛಲೋದು ಎಲ್ಲಿ ಸಿಗಬೇಕ್ರಿ?"

ಭೂಮಿ ಬ್ಯಾಡಗಿಯ ತನಕ ಬಿರಿದು ನನ್ನನ್ನು ನುಂಗಬಾರದಿತ್ತೇ! ಹಿಂತಿರುಗಿ ನೋಡಿದರೆ ಈವ್ಲಿನ್ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆಟೋದಿಂದ ಇಳಿದಳು. ಕೈಯಲ್ಲಿ ಹಾಲಿನಪುಡಿಯ ಡಬ್ಬಿ. "ದೇವರ ದುಡ್ಡು ಬಾಕಿ ಇರಬಾರದು, ಕಾಕಾ," ಎಂದು ಎಲ್ಲರೆದುರಿಗೆ ಮುಚ್ಚಳ ತೆಗೆದು, ಅರ್ಧ ಫ್ರಿಜ್ಜನ್ನು ಮೇಜಿನ ಮೇಲೆ ಸುರಿದಳು. ಚಿಲ್ಲರೆಯೇ ಹೆಚ್ಚಿತ್ತು. ಅದು ಉರುಳಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಮನೆಗೆ ಬಂದ ಮೇಲೆ ಅವಳು ಹಿತ್ತಿಲಿಗೆ ಹೋಗಿ ಜೋಳದ ಪೀಪಾಯಿಯನ್ನು ಉರುಳಿಸಿಕೊಂಡು ಬಂದು ಅದರ ಹಳೆಯ ಮೂಲೆಗೆ ನಿಲ್ಲಿಸಿದಳು. ಪೆಟ್ಟಿಗೆಯಿಂದ ಕ್ರೋಶಾದ ಹೊದಿಕೆ ತೆಗೆದು, ಕೊಡವಿ, ಪೀಪಾಯಿಯ ತಲೆಗೆ ಹೊದಿಸಿದಳು. ಅಳತೆ ಸ್ವಲ್ಪ ದೊಡ್ಡದಾಗಿ ಎಲ್ಲ ಕಡೆ ಜೋತುಬಿತ್ತು. ನಾನು ಬಾಗಿಲ ಹತ್ತಿರ ಡಾಲರು ಹಿಡಿದುಕೊಂಡು ನಿಂತಿದ್ದೆ. ಅದು ಇನ್ನೂ ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು.

"ಈವ್ಲಿನ್, ಸಿಟ್ಟು ಇದ್ರ ಬೈದುಬಿಡು. ಖರೇ ಹೇಳು, ಗಂಡ ಅಂತ ನನಗ ಎಷ್ಟು ಮಾರ್ಕ್ಸ್ ಕೊಡ್ತಿ?"

"ಸೊನ್ನಿ."

ಪೆಟ್ಟು ತಿಂದು ಕಲಿತ ಪಾಠ, ಬಾಯಿಗೆ ತಾನಾಗಿ ಬಂದುಬಿಟ್ಟಿತು. "ಎಷ್ಟಕ್ಕ?"

ಈವ್ಲಿನ್ ಹೊದಿಕೆಯ ಅಂಚನ್ನು ನೇರ ಮಾಡುತ್ತಲೇ ಹೇಳಿದಳು: "ಸೊನ್ನಿಗೆ ಎಷ್ಟಕ್ಕ ಅಂತ ಯಾರೂ ಕೇಳೂದಿಲ್ರಿ. ಲಗೂನ ಮ್ಯಾಲೆ ಹೋಗಿ, ಕಸ್ತೂರೆವ್ವಾರ ಫ್ರಿಜ್ಜಿನ್ಯಾಗಿಂದ ನಮ್ಮ ಹಾಲು ಇಸ್ಕೊಂಡ್ ಬರ್ರಿ."